‘ನಾಳೆ ಶಾಲೆ ಇದೆಯಾ?’: ಮಳೆ ರಜೆ ಮತ್ತು ನಾವು ಹಟಮಾರಿ ಅನ್ನುವ ಮಕ್ಕಳು

ಜುಲೈ ತಿಂಗಳಲ್ಲಿ ಮಲೆನಾಡಿನ ಮಕ್ಕಳು ಮಲಗುವ ಮುಂಚೆ ಕೇಳುವ ಪ್ರಶ್ನೆ ಒಂದೇ. ನಾಳೆ ರಜೆಯಾ? ಅಪ್ಪ ವಾಟ್ಸಾಪ್ ತೆಗೆದು ಜಿಲ್ಲಾಧಿಕಾರಿಗಳ ಆದೇಶ ಬಂತಾ ಅಂತ ಹುಡುಕುತ್ತಾರೆ. ಯಾರೋ ಪುಣ್ಯಾತ್ಮ ಹೋದ ವರ್ಷದ ಆದೇಶವನ್ನೇ ಗ್ರೂಪಿಗೆ ಹಾಕಿರುತ್ತಾನೆ, ಅದನ್ನು ನೋಡಿ ಅರ್ಧ ಊರು ಕುಣಿಯುತ್ತದೆ, ಆಮೇಲೆ ಇನ್ಯಾರೋ ತಾರೀಕು ನೋಡ್ರಪ್ಪಾ ಅನ್ನುತ್ತಾರೆ. ಕೊನೆಗೆ ಕೆಲವು ಸಲ ರಾತ್ರಿ, ಕೆಲವು ಸಲ ಬೆಳಿಗ್ಗೆ ಏಳು ಗಂಟೆಗೆ, ತೀರ್ಥಹಳ್ಳಿಗೆ ಇದೆ, ಹೊಸನಗರಕ್ಕೆ ಇದೆ, ಶಿವಮೊಗ್ಗಕ್ಕೆ ಇಲ್ಲ ಅಂತ ಗೊತ್ತಾಗುತ್ತದೆ.

ನನ್ನ ಅಕ್ಕನ ಮಗನಿಗೆ ಈಗ ಒಂಬತ್ತು ವರ್ಷ. ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ. ಆಟಿಸಂ ಇದೆ ಅಂತ ಗೊತ್ತಾಗಿದ್ದು ನಾಲ್ಕನೇ ವರ್ಷದಲ್ಲಿ. ಅಂದರೆ ಜನರೊಡನೆ ಬೆರೆಯುವುದು, ಮಾತಾಡುವುದು, ಬದಲಾವಣೆಗೆ ಹೊಂದಿಕೊಳ್ಳುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ. ಎರಡು ವರ್ಷದ ಹಿಂದೆ ಇಂಥದೇ ಒಂದು ಮಳೆ ಬೆಳಿಗ್ಗೆ ಅವನು ಆರೂವರೆಗೇ ಯೂನಿಫಾರ್ಮ್ ಹಾಕಿ, ಬ್ಯಾಗ್ ಬೆನ್ನಿಗೇರಿಸಿ, ಜಗಲಿ ಕಟ್ಟೆಯ ಮೇಲೆ ಕೂತಿದ್ದ. ಏಳೂ ಹತ್ತಕ್ಕೆ ರಜೆ ಅಂತ ಬಂತು. ಅಕ್ಕ ಖುಷಿಯಾಗಿಯೇ “ಇವತ್ತು ಶಾಲೆ ಇಲ್ಲ ಪುಟ್ಟ, ಬಾ ಬಿಸಿ ದೋಸೆ ತಿನ್ನು” ಅಂದಳು. ಅವನು ಬ್ಯಾಗ್ ಬಿಚ್ಚಲು ಬಿಡಲಿಲ್ಲ. ಸುರಿಯುವ ಮಳೆಯಲ್ಲೇ ಅಂಗಳ ದಾಟಿ ವ್ಯಾನ್ ನಿಲ್ಲುವ ಜಾಗಕ್ಕೆ ಓಡಿದ. ಎತ್ತಿಕೊಂಡು ಬಂದರೆ ಟಿಫಿನ್ ಡಬ್ಬಿ ಗೋಡೆಗೆ ಎಸೆದ, ತನ್ನ ಮುಂಗೈಯನ್ನೇ ಕಚ್ಚಿಕೊಂಡ. ಮುಕ್ಕಾಲು ಗಂಟೆ ಹೀಗೇ ನಡೆಯಿತು. ಅವನ ಅಜ್ಜಿಯದು ಒಂದೇ ಮಾತು: “ಎಂತ ಹಟ ಮಾರಾಯ್ತಿ ಇವಂದು! ಎರಡು ಬಿಟ್ರೆ ಸರಿಯಾಗ್ತಾನೆ.”

ಆವತ್ತು ನಾನೂ ಅಲ್ಲೇ ಇದ್ದೆ. ನನಗೂ ಅದು ಹಟ ಅಂತಲೇ ಕಂಡಿತ್ತು. ಶಾಲೆ ಅಂದರೆ ಮೂಗು ಮುರಿಯುವ ಹುಡುಗ ರಜೆ ಬಂದರೆ ಯಾಕೆ ಅಳಬೇಕು ಹೇಳಿ? ಲೆಕ್ಕವೇ ಕೂಡಲಿಲ್ಲ. ಆಮೇಲೆ ಓದಿ, ಡಾಕ್ಟರ ಹತ್ತಿರ ಕೇಳಿ, ಇವನನ್ನೇ ಸುಮ್ನೆ ಕೂತು ನೋಡಿ ನನಗೆ ಅರ್ಥವಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನಿಗೆ ಶಾಲೆ ಬೇಕಿತ್ತು ಅಂತಲ್ಲ. ರಾತ್ರಿಯಿಡೀ ತಲೆಯಲ್ಲಿ ಜೋಡಿಸಿಟ್ಟುಕೊಂಡ ದಿನವೊಂದು ಒಂದೇ ವಾಕ್ಯಕ್ಕೆ ಕುಸಿದುಬಿತ್ತು, ಅದರ ಜಾಗಕ್ಕೆ ಬೇರೆ ದಿನವನ್ನು ಯಾರೂ ಕೊಡಲಿಲ್ಲ. ಅವನು ಹೆದರಿದ್ದ.

ಹಟಕ್ಕೂ ಹೆದರಿಕೆಗೂ ವ್ಯತ್ಯಾಸ ಗುರುತಿಸುವುದು ಅಷ್ಟು ಕಷ್ಟವಿಲ್ಲ. ಹಟ ಮಾಡುವ ಮಗುವಿನ ಒಂದು ಕಣ್ಣು ನಮ್ಮ ಮೇಲೆ ಇರುತ್ತದೆ. ಅಮ್ಮ ಒಳಗೆ ಹೋದರೆ ಅಳು ನಿಲ್ಲುತ್ತದೆ, ವಾಪಸ್ ಬಂದರೆ ಶುರುವಾಗುತ್ತದೆ. ಕೇಳಿದ್ದು ಕೈಗೆ ಸಿಕ್ಕರೆ ಮುಗಿಯಿತು. ಹೆದರಿಕೆ ಮಿತಿ ಮೀರಿದಾಗ ಆಗುವುದಕ್ಕೆ ಡಾಕ್ಟರುಗಳು ಮೆಲ್ಟ್‌ಡೌನ್ ಅನ್ನುತ್ತಾರೆ. ಅಲ್ಲಿ ಮಗುವಿಗೆ ನೋಡುವವರು ಇದ್ದಾರೋ ಇಲ್ಲವೋ ಅನ್ನುವ ಪರಿವೆಯೇ ಇರುವುದಿಲ್ಲ, ಕೇಳಿದ್ದನ್ನು ಕೊಟ್ಟರೂ ನಿಲ್ಲುವುದಿಲ್ಲ, ತನಗೇ ನೋವು ಮಾಡಿಕೊಳ್ಳುತ್ತದೆ, ಮುಗಿದ ಮೇಲೆ ಜ್ವರ ಬಿಟ್ಟವರ ಹಾಗೆ ಸುಸ್ತಾಗಿ ಮಲಗುತ್ತದೆ. ಎರಡೂ ಬೆರೆತುಕೊಳ್ಳುವುದುಂಟು, ಹಟವಾಗಿ ಶುರುವಾಗಿದ್ದು ಭಯವಾಗಿ ಮುಗಿಯುವುದೂ ಉಂಟು. ಆದರೆ ಎರಡಕ್ಕೂ ಒಂದೇ ಮದ್ದು ಅಂತ ಬೆತ್ತ ತೆಗೆದರೆ, ಹೆದರಿದ ಮಗುವಿಗೆ ಹೆದರಲು ಇನ್ನೊಂದು ಕಾರಣ ಕೊಟ್ಟಂತೆ ಆಗುತ್ತದೆ, ಅಷ್ಟೇ.

ಒಳಗೆ ನಡೆಯುವುದು ಇಷ್ಟು. ಮೆದುಳಿನಲ್ಲಿ ಬಾದಾಮಿ ಆಕಾರದ ಅಮಿಗ್ಡಲ ಅಂತ ಒಂದು ಭಾಗವಿದೆ. ಅಪಾಯ ಕಂಡರೆ ಕೂಗುವ ಕಾವಲುಗಾರ ಅದು. ಅದು ಕೂಗಿದರೆ ಅಡ್ರಿನಲಿನ್ ಏರುತ್ತದೆ, ಎದೆ ಬಡಿತ ಜೋರಾಗುತ್ತದೆ, ಕೈಕಾಲಿಗೆ ಓಡುವ ಇಲ್ಲವೇ ಹೊಡೆದಾಡುವ ಶಕ್ತಿ ಬರುತ್ತದೆ. ‘ಏನೂ ಆಗಿಲ್ಲ, ತಡಿ’ ಅಂತ ಅದಕ್ಕೆ ಹೇಳಬೇಕಾದ್ದು ಹಣೆಯ ಹಿಂದಿನ ಭಾಗ. ಆ ಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನ ವಯಸ್ಸಿನಲ್ಲಿ, ಅದೂ ಎಲ್ಲರಿಗೂ. ಅಂದರೆ ತನ್ನನ್ನು ತಾನು ಸಂಭಾಳಿಸಿಕೊಳ್ಳುವುದು ಯಾವ ಮಗುವಿಗೂ ಹುಟ್ಟಿನಿಂದ ಬರುವುದಿಲ್ಲ. ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗೆ ಇನ್ನೂ ತಡ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ ಇರುವ ಮಕ್ಕಳ ಮೆದುಳನ್ನು ಸ್ಕ್ಯಾನ್ ಮಾಡಿ ಅಮೆರಿಕದಲ್ಲಿ 2007ರಲ್ಲಿ ಒಂದು ಅಧ್ಯಯನ ಬಂತು. ಮೆದುಳಿನ ಹೊರಪದರ ಬೇರೆ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ ಮುಟ್ಟುವ ಹಂತವನ್ನು ಇವರಲ್ಲಿ ಸುಮಾರು ಹತ್ತೂವರೆಗೆ ಮುಟ್ಟುತ್ತದೆ ಅಂತ ಅದರಲ್ಲಿ ಕಂಡಿತು. ಮೂರು ವರ್ಷ! ಮೂರನೇ ಕ್ಲಾಸಿನ ಹುಡುಗನಿಗೆ ‘ಇಷ್ಟು ದೊಡ್ಡವನಾಗಿ ನಾಚಿಕೆ ಆಗಲ್ವಾ’ ಅನ್ನುವಾಗ ಈ ಮೂರು ವರ್ಷ ನೆನಪಿದ್ದರೆ ಒಳ್ಳೆಯದು.

ಇದು ಎಲ್ಲೋ ಒಂದಿಬ್ಬರ ಕಥೆಯಲ್ಲ. ಕಾಂಗ್ರಾ, ಪಲ್ವಲ್, ಧೆಂಕನಾಲ್, ಉತ್ತರ ಗೋವಾ, ಹೈದರಾಬಾದ್ ಹೀಗೆ ಐದು ಕಡೆ ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದ ಭಾರತದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಸುಮಾರು ಎಂಟು ಮಕ್ಕಳಲ್ಲಿ ಒಬ್ಬರಿಗೆ ಒಂದಲ್ಲ ಒಂದು ಬೆಳವಣಿಗೆಯ ತೊಂದರೆ ಕಂಡುಬಂತು. ಕಿವಿ ಕೇಳದಿರುವುದು, ಮೂರ್ಛೆರೋಗ ಎಲ್ಲವೂ ಆ ಲೆಕ್ಕದಲ್ಲಿ ಸೇರಿವೆ, ಎಲ್ಲವೂ ಆಟಿಸಂ ಅಲ್ಲ. ಇನ್ನು ಆತಂಕದ ವಿಷಯಕ್ಕೆ ಬಂದರೆ, 2011ರಲ್ಲಿ 31 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆಟಿಸಂ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಶೇ. 40ರಷ್ಟು ಮಂದಿಗೆ ಪ್ರತ್ಯೇಕವಾಗಿ ಗುರುತಿಸಬಹುದಾದ ಆತಂಕದ ಕಾಯಿಲೆಯೂ ಇತ್ತು. ಅಂದರೆ ಐವರಲ್ಲಿ ಇಬ್ಬರಿಗೆ. ಆದರೂ ಆಟಿಸಂ ಅಂದ ಕೂಡಲೇ ನಾವು ಕೇಳುವುದು ‘ಮಾತು ಯಾವಾಗ ಬರುತ್ತೆ’ ಅಂತ. ಭಯದ ಬಗ್ಗೆ ಯಾರೂ ಕೇಳುವುದಿಲ್ಲ.

ಈಗ ಮಳೆಗೆ ವಾಪಸ್ ಬರೋಣ. ನಮ್ಮ ಹುಡುಗನಿಗೆ ಶಬ್ದ ಆಗಲ್ಲ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದರು. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಓಡುತ್ತಾನೆ, ಬಯಲಾಟದ ಚೆಂಡೆ ಕೇಳಿದರೆ ಆಟ ಶುರುವಾಗುವ ಮುಂಚೆಯೇ ಮನೆಗೆ ಹೋಗಬೇಕು. ಆದರೆ ಅದೇ ಹುಡುಗ, ಆಷಾಢದ ಮಳೆ ಕೊಟ್ಟಿಗೆಯ ಶೀಟಿನ ಮೇಲೆ ಪಕ್ಕದವರ ಮಾತೂ ಕೇಳದ ಹಾಗೆ ಬಾರಿಸುವಾಗ, ಅದರ ಕೆಳಗೇ ಹೋಗಿ ಅರ್ಧ ಗಂಟೆ ಕಣ್ಣು ಮುಚ್ಚಿ ನಿಲ್ಲುತ್ತಾನೆ. ಮುಖದಲ್ಲಿ ನಗು ಬೇರೆ. ಕುಕ್ಕರಿನ ಸೀಟಿಗಿಂತ ಆ ಮಳೆಯೇ ಜೋರು. ಹಾಗಾದರೆ ಏನು ವ್ಯತ್ಯಾಸ? ಮಳೆ ಒಂದೇ ಸಮನೆ ಸುರಿಯುತ್ತದೆ. ಕುಕ್ಕರ್ ಯಾವಾಗ ಕೂಗುತ್ತದೋ ಗೊತ್ತಿಲ್ಲ.

ಆ ‘ಗೊತ್ತಿಲ್ಲ’ವೇ ಸಮಸ್ಯೆ. ಮುಂದೆ ಏನು ಅಂತ ಗೊತ್ತಿಲ್ಲದಿರುವುದನ್ನು ತಡೆದುಕೊಳ್ಳುವ ಶಕ್ತಿ ಒಬ್ಬೊಬ್ಬರಿಗೆ ಒಂದೊಂದು ಥರ. ಆಟಿಸಂ ಇರುವ ಮಕ್ಕಳಲ್ಲಿ ಅದು ತೀರಾ ಕಡಿಮೆ, ಅದು ಕಡಿಮೆಯಾದಷ್ಟೂ ಆತಂಕ ಜಾಸ್ತಿ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಇಂದ್ರಿಯಗಳು ವಿಪರೀತ ಚುರುಕಾಗಿರುವುದೂ ನಿಜವೇ. 2013ರಿಂದ ಡಾಕ್ಟರುಗಳು ಬಳಸುವ ಕೈಪಿಡಿಯಲ್ಲಿ ಅದು ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿದೆ. ಆದರೆ ಬರೀ ಕಿವಿಯ ಸಮಸ್ಯೆ ಅಂತ ತಿಳಿದು ಹೆಡ್‌ಫೋನ್ ಕೊಟ್ಟು ಕೂತರೆ ಅರ್ಧ ಮಾತ್ರ ಗೆದ್ದ ಹಾಗೆ. ಅಕ್ಕ ಈಗ “ಇನ್ನು ಎರಡು ಸೀಟಿ ಇದೆ” ಅಂತ ಕೂಗಿ ಹೇಳುತ್ತಾಳೆ. ಅವನು ಹಿತ್ತಿಲ ಬಾಗಿಲಲ್ಲಿ ನಿಂತು ಎಣಿಸುತ್ತಾನೆ. ಓಡುವುದು ನಿಂತಿದೆ. ಕಿವಿ ಮುಚ್ಚಿಕೊಳ್ಳುವುದು ನಿಂತಿಲ್ಲ, ಇರಲಿ ಬಿಡಿ.

ಬೇರೆ ತೊಂದರೆಗಳಲ್ಲಿ ಇದೇ ಭಯ ಬೇರೆ ವೇಷ ಹಾಕಿಕೊಂಡು ಬರುತ್ತದೆ. ಎಡಿಎಚ್‌ಡಿಯಲ್ಲಿ ಸಿಟ್ಟಾಗಿ ಕಾಣುತ್ತದೆ. ಓದು ಬರಹದ ತೊಂದರೆ ಇರುವ ಹುಡುಗಿಗೆ ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಏನೂ ಇಲ್ಲ. ವಿಲಿಯಮ್ಸ್ ಸಿಂಡ್ರೋಮ್ ಅನ್ನುವ ಅಪರೂಪದ ಸ್ಥಿತಿಯಿದೆ, ಈ ಮಕ್ಕಳು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾರೆ, ಇವರಿಗೇನು ಭಯ ಅನ್ನಿಸುತ್ತದೆ, ಆದರೆ ಅವರಲ್ಲಿ ಆತಂಕ ಬಹಳ ಹೆಚ್ಚು. ಇನ್ನು ಕೆಲವರು ಶಾಲೆಯಲ್ಲಿ ಇಡೀ ದಿನ ಬಿಗಿ ಹಿಡಿದು ಕೂತು, ಮನೆ ಹೊಸಿಲು ದಾಟಿದ ಕೂಡಲೇ ಸಿಡಿಯುತ್ತಾರೆ. ಆಗ ಟೀಚರ್ “ಇಲ್ಲಿ ಚೆನ್ನಾಗೇ ಇರ್ತಾನಲ್ಲ, ನೀವೇ ಮುದ್ದು ಮಾಡಿ ಹಾಳು ಮಾಡಿದ್ದೀರಿ” ಅನ್ನುತ್ತಾರೆ. ಈ ಮಾತನ್ನು ಕೇಳದ ತಾಯಿಯನ್ನು ನಾನಂತೂ ನೋಡಿಲ್ಲ. ಅಪ್ಪಂದಿರಿಗೆ ಯಾಕೋ ಯಾರೂ ಹೇಳುವುದಿಲ್ಲ.

ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಇದ್ದು ಮಾತು, ಕಲಿಕೆ ನಿಧಾನವಾಗುವ ಸ್ಥಿತಿ ಇರುವವರು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವುದು ಸಾಮಾನ್ಯ. ನಮ್ಮ ಊರಲ್ಲಿ ಇದನ್ನು ಕಂಡರೆ ತಲೆ ಕೆಟ್ಟಿದೆ ಅನ್ನುತ್ತಾರೆ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ ಸುಮಾರು ನೂರು ವರ್ಷದ ಹಿಂದೆಯೇ ಇದರ ಬಗ್ಗೆ ಯೋಚಿಸಿದ್ದರು. ಎಲ್ಲ ಮಕ್ಕಳೂ ಮೊದಲು ಗಟ್ಟಿಯಾಗಿ ಮಾತಾಡಿಕೊಂಡೇ ತಮ್ಮನ್ನು ತಾವು ನಡೆಸುತ್ತಾರೆ, ಆಮೇಲೆ ಆ ಮಾತು ಒಳಗೆ ಇಳಿದು ಯೋಚನೆಯಾಗುತ್ತದೆ ಅನ್ನುವುದು ಅವರ ವಾದ. ಮಾತು ತಡವಾದರೆ ಈ ಒಳಮಾತೂ ತಡ. ಹಾಗಾಗಿ ‘ಶೂ ಹಾಕು, ಬ್ಯಾಗ್ ತಗೋ, ವ್ಯಾನ್ ಬರುತ್ತೆ’ ಅಂತ ಗೊಣಗುತ್ತಾ ಓಡಾಡುವ ಹುಡುಗ ಕೆಲಸದಲ್ಲಿದ್ದಾನೆ. ಸುಮ್ಮನಿರು ಅಂತ ಗದರಬೇಡಿ. ಕೈ ಪಟಪಟ ಬಡಿಯುವುದು, ತೂಗಾಡುವುದಕ್ಕೂ ಇದೇ ಮಾತು. ಗಾಯವಾಗದಿದ್ದರೆ ಬಿಟ್ಟುಬಿಡಿ, ಅದು ಅವರ ಬ್ರೇಕು.

ಇನ್ನೊಂದು ತೊಡಕು ಅಂದರೆ ತನ್ನ ಮೈ ಹೇಳುವುದು ತನಗೇ ತಿಳಿಯದಿರುವುದು. ಹಸಿವು, ಮೂತ್ರ, ಎದೆ ಬಡಿತ ಇವೆಲ್ಲ ಒಳಗಿನಿಂದ ಬರುವ ಸುದ್ದಿ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಆ ಸುದ್ದಿ ಒಂದೋ ತಲುಪುವುದೇ ಇಲ್ಲ, ಇಲ್ಲಾ ಒಮ್ಮೆಗೇ ನುಗ್ಗುತ್ತದೆ. ‘ಭಯ ಆಗ್ತಿದೆಯಾ’ ಅಂತ ಕೇಳಿದರೆ ಅವರಿಗೆ ಗೊತ್ತಾಗುವುದಿಲ್ಲ. ಥೆರಪಿ ಸೆಂಟರಿನಿಂದ ತಂದ, ಹಳದಿ ಮುಖಗಳಿದ್ದ ಚಾರ್ಟ್ ಅಕ್ಕನ ಮನೆಯಲ್ಲಿ ಆರು ತಿಂಗಳು ಗೋಡೆಯ ಮೇಲಿತ್ತು. ಪ್ರಯೋಜನಕ್ಕೆ ಬರಲಿಲ್ಲ. ಕೆಲಸಕ್ಕೆ ಬಂದಿದ್ದು ಅಜ್ಜಿಯ ಮಾತು. ಕನ್ನಡದಲ್ಲಿ ಭಯಕ್ಕೆ ಯಾವಾಗಲೂ ಒಂದು ಜಾಗ ಇದೆ, ನೋಡಿ: ಎದೆ ಢವಢವ, ಹೊಟ್ಟೆ ತೊಳಸುತ್ತೆ, ಕೈಕಾಲು ತಣ್ಣಗಾಯ್ತು, ಗಂಟಲು ಕಟ್ಟಿತು. ಅಜ್ಜಿ ಅವನ ಕೈಯನ್ನು ಅವನ ಎದೆಯ ಮೇಲೇ ಇಟ್ಟು “ಢವಢವ ಅಂತಿದೆಯಾ?” ಅಂತ ಕೇಳಲು ಶುರು ಮಾಡಿದಳು. ಅದು ಅವನಿಗೆ ಹಿಡಿಸಿತು. ಈಗ ಓಡಿಬಂದು “ಢವಢವ” ಅನ್ನುತ್ತಾನೆ. ಎರಡು ಬಿಟ್ರೆ ಸರಿಯಾಗ್ತಾನೆ ಅಂದಿದ್ದು ಇದೇ ಅಜ್ಜಿ. ಒಂದು ಎಚ್ಚರಿಕೆಯಿರಲಿ: ಒಮ್ಮೆ ಭಾವ “ನನ್ನ ಎದೆ ಒಡೆದು ಹೋಯ್ತು” ಅಂದಿದ್ದಕ್ಕೆ ಅವನು ಅಪ್ಪನ ಅಂಗಿ ಎತ್ತಿ ಎಲ್ಲಿ ಒಡೆದಿದೆ ಅಂತ ಹುಡುಕಿದ್ದ!

ಸಮಾಧಾನವನ್ನು ಕಲಿಸುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಮೊದಲು ಸಾಲ ಕೊಡಬೇಕು. ದೊಡ್ಡವರ ನಿಧಾನ ಉಸಿರು, ತಗ್ಗಿದ ದನಿ, ಕಡಿಮೆ ಮಾತು, ಪಕ್ಕದಲ್ಲಿ ಕೂರುವುದು, ಇದನ್ನು ಸಾವಿರ ಸಲ ಪಡೆದ ಮೇಲೆ ಮಗುವಿಗೆ ತನ್ನದೇ ಆದ ಸಮಾಧಾನ ಬೆಳೆಯುತ್ತದೆ. ಮೆಲ್ಟ್‌ಡೌನ್ ನಡೆಯುವಾಗ ‘ದೀರ್ಘ ಉಸಿರು ತಗೋ’ ಅಂತ ಪಾಠ ಹೇಳುವುದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಆ ಹೊತ್ತಿನಲ್ಲಿ ಸುತ್ತ ಇರುವ ಗಟ್ಟಿ ವಸ್ತು ಸರಿಸಿ, ನೆಂಟರನ್ನು ಆಚೆ ಕಳಿಸಿ, ಸುಮ್ಮನೆ ಕಾಯುವುದಷ್ಟೇ ಕೆಲಸ. ಉಸಿರು ಬಿಡುವುದನ್ನು ಸಂಜೆ ಜಗಲಿಯಲ್ಲಿ, ಒಲೆಗೆ ಊದುಗೊಳವೆ ಊದುವ ಆಟದ ಹಾಗೆ, ಎಲ್ಲ ಸರಿಯಿದ್ದಾಗ ಕಲಿಸಬೇಕು.

ಅಕ್ಕನ ಮನೆಯಲ್ಲಿ ನಿಜವಾಗಿ ಬದಲಾವಣೆ ತಂದಿದ್ದು ಮೂರು ರಟ್ಟಿನ ಚೂರು. ಮದುವೆ ಕಾಗದದ ಹಿಂಬದಿ ಕತ್ತರಿಸಿ ಮಾಡಿದ್ದು. ಒಂದರಲ್ಲಿ ವ್ಯಾನಿನ ಚಿತ್ರ, ಶಾಲೆ ಇದೆ. ಇನ್ನೊಂದರಲ್ಲಿ ಮನೆಯ ಚಿತ್ರ, ಶಾಲೆ ಇಲ್ಲ. ಮೂರನೆಯದರಲ್ಲಿ ಮೋಡ. ಅಂದರೆ ಗೊತ್ತಿಲ್ಲ. ಮಳೆ ಜೋರಿದ್ದ ರಾತ್ರಿ ಮೋಡದ ಕಾರ್ಡ್ ಗೋಡೆಗೆ ಹೋಗುತ್ತದೆ. ಬೆಳಿಗ್ಗೆ ಏಳೂಕಾಲಿಗೆ ಅಮ್ಮ ಫೋನ್ ನೋಡುತ್ತಾಳೆ, ಅವನೇ ಕಾರ್ಡ್ ಬದಲಿಸುತ್ತಾನೆ. ಶಾಲೆ ಇಲ್ಲದಿದ್ದರೆ ಆ ದಿನ ಏನೇನು ಅನ್ನುವುದೂ ಅದರ ಹಿಂದೆ ಬರೆದಿದೆ: ಯೂನಿಫಾರ್ಮ್ ತೆಗೆಯುವುದು, ದೋಸೆ, ಅಜ್ಜನ ಜೊತೆ ಕೊಟ್ಟಿಗೆ, ಆಮೇಲೆ ಟಿವಿ. ಗೊತ್ತಿಲ್ಲದಿರುವುದನ್ನು ತೆಗೆಯಲು ಆಗುವುದಿಲ್ಲ, ಮಳೆ ಯಾರ ಮಾತು ಕೇಳುತ್ತೆ? ಆದರೆ ಅದು ಯಾವಾಗ ಮುಗಿಯುತ್ತದೆ ಅಂತ ಹೇಳಬಹುದು. ಮೊದಲ ತಿಂಗಳು ಎರಡು ಸಲ ಮೋಡವನ್ನು ಹರಿದು ಹಾಕಿದ್ದಾನೆ. ಅಕ್ಕ ಮತ್ತೆ ಮಾಡಿದಳು.

ಇಲ್ಲಿ ಒಂದು ಬಲೆಯೂ ಇದೆ. ಮಗು ಹೆದರುತ್ತದೆ ಅಂತ ಹೆದರಿಸುವುದನ್ನೆಲ್ಲ ತೆಗೆಯುತ್ತಾ ಹೋದರೆ ಮನೆಯೇ ಸಣ್ಣದಾಗುತ್ತಾ ಹೋಗುತ್ತದೆ. ಅಕ್ಕನ ಮನೆಯವರು ಎರಡು ವರ್ಷ ಮದುವೆಗೆ ಹೋಗಲಿಲ್ಲ, ಜಾತ್ರೆಗೆ ಹೋಗಲಿಲ್ಲ, ಮಿಕ್ಸಿ ಹಾಕುವುದು ಅವನು ಶಾಲೆಗೆ ಹೋದ ಮೇಲೆ. ಆ ಹೊತ್ತಿಗೆ ನೆಮ್ಮದಿ. ಆದರೆ ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ, ಇದು ಆತಂಕದ ಬಗ್ಗೆ ನಮಗೆ ಚೆನ್ನಾಗಿ ಗೊತ್ತಿರುವ ವಿಷಯಗಳಲ್ಲಿ ಒಂದು. ಸಣ್ಣ ಸಣ್ಣ ಹೆಜ್ಜೆಯಲ್ಲಿ, ಮಗುವಿನ ಒಪ್ಪಿಗೆಯಿಂದ, ಹತ್ತಿರ ಹೋಗುವುದೇ ದಾರಿ. ಆಟಿಸಂ ಇರುವ ಮಕ್ಕಳಿಗೆ ತಕ್ಕಂತೆ ಬದಲಿಸಿದ ಸಿಬಿಟಿ ಅನ್ನುವ, ಮಾತುಕತೆಯ ಮೂಲಕ ಯೋಚನೆ ಮತ್ತು ನಡವಳಿಕೆ ತಿದ್ದುವ ಮನಸ್ಸಿನ ಚಿಕಿತ್ಸೆಯೂ ಇದನ್ನೇ ಮಾಡುತ್ತದೆ, ಮಾತು ಚೆನ್ನಾಗಿರುವ ಮಕ್ಕಳಿಗೆ ಅದರಿಂದ ಉಪಯೋಗ ಆಗುತ್ತದೆ ಅನ್ನುವುದಕ್ಕೆ ಪುರಾವೆಯಿದೆ. ಮಿಕ್ಸಿಯ ಸ್ವಿಚ್ಚನ್ನು ಅವನ ಕೈಗೇ ಕೊಟ್ಟ ದಿನ ಅವನು ಹನ್ನೊಂದು ಸಲ ಹಾಕಿ ಆರಿಸಿದ. ಚಟ್ನಿ ಗಂಧದ ಹಾಗೆ ನುಣ್ಣಗಾಗಿತ್ತು.

ಮೈಮೇಲೆ ಭಾರ ಇದ್ದರೆ ಸಮಾಧಾನ ಅಂತ ಆನ್‌ಲೈನಿನಲ್ಲಿ ಸಾವಿರಾರು ರೂಪಾಯಿಗೆ ತೂಕದ ಹೊದಿಕೆ ಮಾರುತ್ತಾರೆ. ಬ್ರಿಟನ್ನಿನಲ್ಲಿ ಆಟಿಸಂ ಇರುವ ಮಕ್ಕಳ ಮೇಲೆ ಪರೀಕ್ಷೆ ಮಾಡಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿದ್ದೆ ಹೆಚ್ಚಾಗಲಿಲ್ಲ, ಆದರೆ ಮಕ್ಕಳಿಗೂ ಪೋಷಕರಿಗೂ ಆ ಹೊದಿಕೆ ಇಷ್ಟವಾಗಿತ್ತು. ನಮ್ಮವನಿಗೆ ಅಜ್ಜನ ಹಳೇ ಕರಿ ಕಂಬಳಿ ಸಾಕಾಗಿದೆ. ಇಷ್ಟವಾದರೆ ಹೊದೆಸಿ, ಮದ್ದು ಅಂತ ತಿಳಿಯಬೇಡಿ.

ಮದ್ದಿನ ವಿಷಯ ಬಂತಲ್ಲ. ಇದ್ದಕ್ಕಿದ್ದ ಹಾಗೆ ಮಗುವಿನ ವರ್ತನೆ ಕೆಟ್ಟರೆ ಮೊದಲು ಹಲ್ಲು, ಕಿವಿ, ಮಲಬದ್ಧತೆ ನೋಡಿಸಿ. ಹೇಳಲು ಬಾರದ ನೋವು ಹೀಗೇ ಹೊರಗೆ ಬರುವುದು. ತಾಯತ, ದರ್ಶನ, ಹರಕೆಗಳಿಂದ ಮನೆಯವರಿಗೆ ಧೈರ್ಯ ಬಂದರೆ ನನ್ನ ತಕರಾರಿಲ್ಲ, ಹೊಗೆ ಹಾಕುವುದು, ಬರೆ ಹಾಕುವುದು ಮಾಡಿದರೆ ಖಂಡಿತ ಇದೆ. ಅದಕ್ಕಿಂತ ಸಿಟ್ಟು ಬರುವುದು ಸೂಟು ಹಾಕಿದ ಮೋಸಕ್ಕೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ (ಮೈಗೆ ಜೀವಕೋಶ ಸೇರಿಸುವುದು) ಅಂತ ಲಕ್ಷಗಟ್ಟಲೆ ಕೀಳುತ್ತಾರೆ, ಆದರೆ ಇದನ್ನು ಶಿಫಾರಸು ಮಾಡಲು ಆಗುವುದಿಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಹೇಳಿದೆ. ತೋಟದ ಒಂದು ವರ್ಷದ ಅಡಿಕೆ ಮಾರಿ ಇದಕ್ಕೆ ಸುರಿಯಬೇಡಿ.

ಹಾಗಾದರೆ ಎಲ್ಲಿಗೆ ಹೋಗುವುದು? ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಗೆ ಅಂತಲೇ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಅದರ ತಂಡ ಅಂಗನವಾಡಿಗೆ, ಶಾಲೆಗೆ ಬರುತ್ತದೆ. ಜಿಲ್ಲೆಯ ದೊಡ್ಡ ಆಸ್ಪತ್ರೆ ಶಿವಮೊಗ್ಗದ ಮೆಗ್ಗಾನ್. ಅದರಾಚೆಗೆ ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮನಸ್ಸಿನ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್. ಶಿವಮೊಗ್ಗದಿಂದ ಬೆಂಗಳೂರು ಮುನ್ನೂರು ಕಿಲೋಮೀಟರ್, ಅದಕ್ಕಿಂತ ಮುಂಚೆ ಊರಿನಿಂದ ಶಿವಮೊಗ್ಗ ಮುಟ್ಟಬೇಕು. ಹೆದರುವ ಮಗುವನ್ನು ಅಷ್ಟು ದೂರ ಬಸ್ಸಿನಲ್ಲಿ ಕರೆದೊಯ್ಯುವುದೇ ಒಂದು ಪರೀಕ್ಷೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ತಾಯಂದಿರು ತಮಗಾಗಿಯೂ ಮಾಡಬಹುದು. ಮಾಡಬೇಕು.

ಕಾಗದದ ಮೇಲೆ ನಮ್ಮ ಕಾನೂನು ಚೆನ್ನಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದೆ, ಆಟಿಸಂ ಮತ್ತು ಕಲಿಕೆಯ ನಿರ್ದಿಷ್ಟ ತೊಂದರೆ ಎರಡೂ ಅದರಲ್ಲಿವೆ. ಎಡಿಎಚ್‌ಡಿ ಇಲ್ಲ. ಹಾಗಾಗಿ ಬರೀ ಎಡಿಎಚ್‌ಡಿ ಇರುವ ಮಗುವಿಗೆ ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಸಿಗುವುದಿಲ್ಲ, ಶಾಲೆಯಲ್ಲಿ ‘ಕೇಡಿ’ ಅನ್ನುವ ಹೆಸರು ಮಾತ್ರ ಸಿಗುತ್ತದೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ತಾಲ್ಲೂಕಿಗೆ ವಿಶೇಷ ಮಕ್ಕಳಿಗೆಂದೇ ಬಿಐಇಆರ್‌ಟಿ ಶಿಕ್ಷಕರಿದ್ದಾರೆ, ಬಿಇಒ ಕಚೇರಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ಆದರೆ ದಿನವೂ ಮಗುವಿನ ಮುಂದೆ ನಿಲ್ಲುವುದು ಕ್ಲಾಸ್ ಟೀಚರ್. ನಮ್ಮ ಹುಡುಗನ ಟೀಚರಿಗೆ ಯಾವ ತರಬೇತಿಯೂ ಆಗಿಲ್ಲ. ಅವರು ಮಾಡಿದ್ದು ಇಷ್ಟೇ, ಬೆಲ್ ಹೊಡೆಯುವ ಎರಡು ನಿಮಿಷ ಮುಂಚೆ ಅವನ ಬೆಂಚಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟುತ್ತಾರೆ. ಖರ್ಚು ಸೊನ್ನೆ.

ಹೋದ ವಾರ ಮಳೆ ಜೋರಾಗಿ ಹಳ್ಳ ಏರಿತು ಅಂತ ಮಧ್ಯಾಹ್ನ ಹನ್ನೆರಡಕ್ಕೇ ಶಾಲೆ ಬಿಟ್ಟರು. ಬೆಳಿಗ್ಗೆ ವ್ಯಾನಿನ ಕಾರ್ಡ್ ಹಾಕಿ ಹೋಗಿದ್ದ ಹುಡುಗ ಊಟದ ಬೆಲ್ ಆಗುವ ಮುಂಚೆಯೇ ಮನೆಗೆ ಬಂದ. ಅರ್ಧಕ್ಕೆ ನಿಂತ ದಿನಕ್ಕೆ ನಮ್ಮ ಹತ್ತಿರ ಕಾರ್ಡೇ ಇರಲಿಲ್ಲ. ಬ್ಯಾಗ್ ಹಾಕಿಕೊಂಡೇ ಅಂಗಳದಲ್ಲಿ ನಿಂತಿದ್ದನಂತೆ, ಮುಂಗೈ ಬಾಯಿಯ ಹತ್ತಿರ ಹೋಗಿತ್ತಂತೆ, ಆಮೇಲೆ “ಢವಢವ, ಢವಢವ” ಅಂತ ಕಿರುಚಿದನಂತೆ. ಅಜ್ಜಿ ಮಳೆಯಲ್ಲೇ ಇಳಿದು ಹೋಗಿ ಪಕ್ಕದಲ್ಲಿ ನಿಂತಳು. ಇಪ್ಪತ್ತು ನಿಮಿಷ ಇಬ್ಬರೂ ನೆನೆದರು. ರಾತ್ರಿ ಅಕ್ಕ ಫೋನ್ ಮಾಡಿ, “ಅರ್ಧ ದಿನಕ್ಕೆ ಎಂತ ಚಿತ್ರ ಬರೆಯೋದು ಹೇಳು ಮಾರಾಯ?” ಅಂತ ಕೇಳಿದಳು. ಅರ್ಧ ವ್ಯಾನು, ಅರ್ಧ ಮನೆ ಬರಿ ಅಂದೆ. ಹಿಂದೆಯಿಂದ ಅವನ ದನಿ ಕೇಳಿಸಿತು, ಅರ್ಧ ವ್ಯಾನು ಓಡಲ್ಲ ಅಂತ.